ಬಯಲಿಗೂ ಚರಿತ್ರೆಯಿದೆ

ಅಮೆರಿಕದ ಮಧ್ಯಪಶ್ಚಿಮದ ಕೃಷಿ ಕೌಂಟಿಗಳಲ್ಲಿ ಹೊಲ ಬಿಟ್ಟರೆ ನೋಡುವಂಥದ್ದೇನೂ ಇಲ್ಲ ಎಂದು ಕಳೆದ ಸಂಚಿಕೆಯ ಪ್ರವಾಸ ಲೇಖನ ತೀರ್ಪು ಕೊಟ್ಟಿದೆ. ಇದನ್ನು ಖಂಡಿತ ಒಪ್ಪಲಾಗದು.

ಕಾನ್ಸಾಸ್‌ನ ಎಲ್ಲಿಸ್ ಕೌಂಟಿಯನ್ನೇ ತೆಗೆದುಕೊಳ್ಳಿ. ರಷ್ಯಾದ ವೋಲ್ಗಾ ತೀರದಿಂದ ಹೊರಟ ಜರ್ಮನ್ ರೈತರು 1876ರಲ್ಲಿ ಅಲ್ಲಿ ನೆಲೆನಿಂತರು. ಮರ ವಿರಳವಾದ ಬಯಲು. ಬೇಲಿಯ ಕಂಬಕ್ಕೂ ಸುಣ್ಣಕಲ್ಲೇ ಗತಿ. ಸಾಲಾಗಿ ತೂತು ಕೊರೆದು, ಬೆಣೆ ಹೊಡೆದು ಸೀಳಿದ ಗುರುತು ಆ ಕಂಬಗಳ ಅಂಚಿನಲ್ಲಿ ಇಂದಿಗೂ ಕಾಣುತ್ತದೆ. ವಿಕ್ಟೋರಿಯಾ ಊರಿನ ಸೇಂಟ್ ಫಿಡೆಲಿಸ್ ಚರ್ಚಿಗೆ 12 ತುಂಬಿದ ಪ್ರತಿಯೊಬ್ಬರ ತಲೆಗೂ 45 ಡಾಲರ್, ಆರು ಗಾಡಿ ಕಲ್ಲು ವಂತಿಗೆ ಬಿದ್ದಿತ್ತು. 1911ರಲ್ಲಿ ಮುಗಿದ ಆ ಚರ್ಚಿನ ಜೋಡಿ ಗೋಪುರಗಳ ಎತ್ತರ 141 ಅಡಿ.

ರೈತರು ಸ್ವತಃ ಕಲ್ಲು ಸಾಗಿಸಿ ಕಟ್ಟಿದ್ದನ್ನು ಲೆಕ್ಕಕ್ಕೇ ಹಿಡಿಯದಿರುವುದು ಅನ್ಯಾಯ. ಹೆದ್ದಾರಿ ಬಿಟ್ಟು ಇಳಿಯದವರು ಊರಿನ ಬಗ್ಗೆ ತೀರ್ಪು ಕೊಡಬಾರದು.