ಹಳ್ಳಿಖೇಡ (ಬಿ)ಗೆ ಯಾವುದು ಸಮ?

ಜೆನೆರಿಕ್ ಕ್ಲಾಸುಗಳಲ್ಲಿ ಸಮಾನತೆಯನ್ನು ನೋಡುವ ಬಗೆಯ ಕುರಿತು ನನ್ನ ವಾದಕ್ಕೆ ಬಂದ ಆಕ್ಷೇಪಗಳಿಗೆ ಇದು ಉತ್ತರ. ನಾನು ಹೇಳಿದ್ದು ಇಷ್ಟೇ: ‘ಟಿ’ ಎಂಬ ಹೆಸರಿನಲ್ಲಿ ಯಾವ ಮೌಲ್ಯ ಬಂದರೂ ಕೆಲಸ ಮಾಡಬೇಕಾದ ಕ್ಲಾಸು, ಯಾವುದಕ್ಕೆ ಯಾವುದು ಸಮ ಎಂದು ತಾನೇ ತೀರ್ಮಾನಿಸಬಾರದು. ಬಳಸುವವರು ಕೊಟ್ಟ ನಿಯಮದಂತೆ ನಡೆಯಬೇಕು.

‘== ಇರುವಾಗ ಇದೆಲ್ಲ ಏಕೆ?’ ಎನ್ನುತ್ತಾರೆ. ಸಿ ಶಾರ್ಪ್‌ನಲ್ಲಿ ನಿರ್ಬಂಧವಿಲ್ಲದ ಎರಡು ‘ಟಿ’ಗಳ ನಡುವೆ == ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ. ‘ಟಿ’ ಕ್ಲಾಸೇ ಆಗಿರಬೇಕೆಂದು ನಿರ್ಬಂಧ ಹಾಕಿದರೆ ಒಪ್ಪುತ್ತದೆ. ಆದರೆ ಆಗ ಸ್ಟ್ರಿಂಗ್‌ಗಳನ್ನೂ ಅಕ್ಷರ ನೋಡಿ ಹೋಲಿಸುವುದಿಲ್ಲ, ಮೆಮೊರಿಯಲ್ಲಿ ಎರಡೂ ಒಂದೇ ವಸ್ತುವೇ ಎಂದಷ್ಟೇ ನೋಡುತ್ತದೆ. ಜಾವಾ -128ರಿಂದ 127ರವರೆಗಿನ ಇಂಟೀಜರ್ ವಸ್ತುಗಳನ್ನು ಮೊದಲೇ ಮಾಡಿಟ್ಟುಕೊಂಡು ಮರುಬಳಸುತ್ತದೆ. ಹಾಗಾಗಿ == ಹಾಕಿದರೆ 127 ಸಮ ಎನಿಸಿಕೊಂಡು, 128 ಸಮವಲ್ಲ ಎನಿಸಿಕೊಳ್ಳಬಹುದು. ಸಣ್ಣ ಸಂಖ್ಯೆಗಳಿಂದ ಪರೀಕ್ಷಿಸಿದವರ ಕಣ್ಣಿಗೆ ಈ ತಪ್ಪು ಬೀಳುವುದೇ ಇಲ್ಲ.

‘ಎಲ್ಲ ವಸ್ತುವಿಗೂ ಈಕ್ವಲ್ಸ್ ಇದೆಯಲ್ಲ?’ ಇದೆ. ಕ್ಲಾಸು ಬರೆದವರು ಅದನ್ನು ಹೊಸದಾಗಿ ಬರೆಯದಿದ್ದರೆ ಅದೂ ‘ಒಂದೇ ವಸ್ತುವೇ’ ಎಂದೇ ಕೇಳುತ್ತದೆ. ಬರೆದವರು ಹ್ಯಾಶ್‌ಕೋಡ್ ಮರೆತರೆ, ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟದ್ದು ಹುಡುಕಿದಾಗ ಸಿಗದೆ ಹೋಗುತ್ತದೆ.

ನನ್ನ ನಿಜವಾದ ಜಗಳ ‘ಒಂದೇ ನಿಯಮ ಸಾಕು’ ಎಂಬ ಮಾತಿನ ಜೊತೆ. ಹುಮನಾಬಾದ್ ತಾಲ್ಲೂಕಿನಲ್ಲಿ ಹಳ್ಳಿಖೇಡ (ಬಿ) ಇದೆ, ಹಳ್ಳಿಖೇಡ (ಕೆ) ಕೂಡ ಇದೆ. ಬಿ ಎಂದರೆ ಬುಜುರ್ಗ್, ದೊಡ್ಡದು. ಕೆ ಎಂದರೆ ಖುರ್ದ್, ಚಿಕ್ಕದು. ಊರು ಹುಡುಕುವವರಿಗೆ ಆವರಣ ಬಿಟ್ಟು ಹೋಲಿಸಿ ಎರಡನ್ನೂ ತೋರಿಸಿದರೆ ಅನುಕೂಲ. ಪಹಣಿ ತೆಗೆಯುವಲ್ಲಿ ಹಾಗೆ ಮಾಡಿದರೆ ಒಂದೂರಿನ ಹೊಲ ಇನ್ನೊಂದೂರಿನ ಲೆಕ್ಕಕ್ಕೆ ಸೇರುತ್ತದೆ. ಎರಡೂ ಬೇಡಿಕೆ ನ್ಯಾಯವಾದದ್ದೇ, ಸ್ಟ್ರಿಂಗ್‌ನ ಒಂದೇ ಈಕ್ವಲ್ಸ್ ಎರಡನ್ನೂ ಹೇಗೆ ಪೂರೈಸೀತು?

ಇದೇ ಹೆಸರಿನಲ್ಲಿ ಇನ್ನೊಂದು ತೊಡಕಿದೆ, ಕನ್ನಡದಲ್ಲಿ ತಂತ್ರಾಂಶ ಬರೆಯುವವರೆಲ್ಲ ಅರಿಯಬೇಕಾದದ್ದು. ‘ಖೇ’ಯ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ದೀರ್ಘ ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಓದುವವರಿಗೆ ಎರಡೂ ಒಂದೇ. ಜಾವಾದ ಸ್ಟ್ರಿಂಗ್ ಈಕ್ವಲ್ಸ್‌ಗೆ ಅವು ಬೇರೆ ಬೇರೆ; ನಾರ್ಮಲೈಸ್ ಮಾಡಿದ ಮೇಲಷ್ಟೇ ಸಮ.

‘ಪ್ರತಿ ಸಲ ನಿಯಮ ಕೊಡುವುದು ಹೊರೆ’ ಎಂಬ ಕೊನೆಯ ಆಕ್ಷೇಪ ನಿಲ್ಲುವುದಿಲ್ಲ. ಸಿ ಶಾರ್ಪ್‌ನ ಡಿಕ್ಷನರಿ ಕಟ್ಟುವಾಗ ಹೋಲಿಕೆಯ ನಿಯಮವನ್ನು ಒಂದು ಆರ್ಗ್ಯುಮೆಂಟಾಗಿ ಕೊಡಬಹುದು. ಕೊಡದಿದ್ದರೆ ಆ ಟೈಪ್‌ನ ಡಿಫಾಲ್ಟ್ ನಿಯಮ ನಡೆಯುತ್ತದೆ.

ನಿಮ್ಮ ಜೆನೆರಿಕ್ ಕ್ಲಾಸಿನ ಪರೀಕ್ಷೆಗೆ ಹಳ್ಳಿಖೇಡ (ಬಿ) ಎಂಬ ಹೆಸರನ್ನು ಎರಡೂ ಬಗೆಯ ಸಂಕೇತಗಳಲ್ಲಿ ಬರೆದು ಕೊಟ್ಟು ನೋಡಿ.