ದೋಷವನ್ನು ಓದುವ ವಿದ್ಯೆ

ಬಿ.ಎ. ವಿದ್ಯಾರ್ಥಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಮಿತ್ರರು ನಗುವುದುಂಟು. ಹಳೆಯ ಕನ್ನಡ ಪುಸ್ತಕದ ಪುಟಚಿತ್ರವನ್ನು ಅಕ್ಷರವಾಗಿಸಬಲ್ಲ 'ಟೆಸರಾಕ್ಟ್' ಎಂಬ ತಂತ್ರಾಂಶದ ಮೂಲ ಸಂಕೇತ 2005ರಿಂದ ಸರ್ವರಿಗೂ ಮುಕ್ತವಾಗಿದೆ. ಅದನ್ನು ಪೀಣ್ಯದ ನಮ್ಮ ಮನೆಯಲ್ಲಿ ನಾನೇ ಕಟ್ಟಲು ಹೊರಟೆ.

'ಕಾನ್ಫಿಗರ್' ಎಂಬ ಮೊದಲ ಹೆಜ್ಜೆಯಲ್ಲೇ ಕೆಲಸ ನಿಂತಿತು, 'ಲೆಪ್ಟೋನಿಕಾ' ಬೇಕೆಂದಿತು. ಅದಾದರೋ ನನ್ನಲ್ಲಿ ಇದ್ದೇ ಇತ್ತು! ಇಂಗ್ಲಿಷಿಗೆ ಅಂಜಿ, ಏನೆಂದು ಓದದೆ, ಕಂಡಕಂಡವರ ಆದೇಶಗಳನ್ನು ನಕಲು ಮಾಡುತ್ತ ಎರಡು ರಾತ್ರಿ ಕಳೆದೆ.

ಫಿಟ್ಟರ್ ಆಗಿರುವ ನಮ್ಮ ತಂದೆಯವರು, "ಯಂತ್ರ ಎಲ್ಲಿ ನಿಂತಿತು ಅಂತ ಮೊದಲು ನೋಡಪ್ಪ, ಆಮೇಲೆ ಬಿಚ್ಚು" ಎಂದರು. ಆಗ 'ಕಾನ್ಫಿಗ್.ಲಾಗ್' ಕಡತವನ್ನು ತೆರೆದೆ. ಅದರ ತುದಿಯಲ್ಲಿ ಬರೀ ಪಟ್ಟಿ. ದೋಷವಿದ್ದುದು ಅದಕ್ಕೂ ಮೇಲೆ. ತಂತ್ರಾಂಶ ಓಡಲು ಬೇಕಾದ ಲೈಬ್ರರಿ ಇತ್ತು. ಕಟ್ಟುವವರಿಗೆ ಬೇಕಾದ ಹೆಡರ್ ಮುಂತಾದ ಕಡತಗಳಿರಲಿಲ್ಲ. ಉಬುಂಟುವಿನಲ್ಲಿ ಅವು 'ಡೆವ್' ಎಂಬ ಬೇರೆ ಪ್ಯಾಕೇಜಿನಲ್ಲಿ ಬರುತ್ತವೆ. ಅದನ್ನು ಹಾಕಿದೊಡನೆ ಕೆಲಸ ಮುಂದೆ ಸಾಗಿತು.

ಗೈಡುಗಳ ಉತ್ತರವನ್ನು ಬಾಯಿಪಾಠ ಮಾಡುವ ನಮಗೆ, ತಪ್ಪೆಂದರೆ ಕೆಂಪು ಶಾಯಿಯ ಗೆರೆ ಮಾತ್ರ. ಆದರೆ ತಪ್ಪು ತನ್ನ ಕಾರಣವನ್ನು ತಾನೇ ಹೇಳುತ್ತಿರುತ್ತದೆ. ಮೂಲ ಸಂಕೇತ ಮುಕ್ತವಾದ ಮಾತ್ರಕ್ಕೆ ಅದು ನಮ್ಮದಾಗದು. ದೋಷವನ್ನು ತಾಳ್ಮೆಯಿಂದ ಓದಿದ ದಿನ ನಮ್ಮದಾಗುತ್ತದೆ ಎಂಬುದು ನನ್ನ ನಮ್ರ ಅಭಿಪ್ರಾಯ.