ಆರು ದಿನ ಬೀಗ, ಒಂದು ದಿನ ಪ್ರಾರ್ಥನೆ

ಈ ಸಲದ ಫೋಟೊದಾಗ ವಿಶೇಷ ಏನೂ ಇಲ್ಲ. ಒಂದು ಹಳ್ಳಿ ಚರ್ಚಿನ ಬಾಗಿಲು, ಅದಕ್ಕೊಂದು ಬೀಗ. ಬುಧವಾರ ಸಂಜೆ ತೆಗೆದದ್ದು. ಯಾವ ಊರಿನದು ಅಂತ ಹೇಳೋದಿಲ್ಲ. ಹುಡಗಿ, ಹುಮನಾಬಾದ್, ಬಸವಕಲ್ಯಾಣದ ಕಡೆ ನೀವು ಬುಧವಾರ ಸಂಜೆ ಸುತ್ತಾಡಿದರೆ ಇಂಥ ಫೋಟೊ ನಿಮಗೂ ಸಿಗ್ತದ. ಯಾರನ್ನೂ ನಾಚಿಸೋದಕ್ಕ ಹಾಕಿದ್ದಲ್ಲ. ಒಂದು ಮಾತು ಆಡಬೇಕಿತ್ತು, ಅದಕ್ಕ ಹಾಕಿದೆ.

ಮಾತು ಇಷ್ಟೇ: ನಮ್ಮ ಸೀಮೆಯ ಹಳ್ಳಿ ಚರ್ಚುಗಳು ಊರೊಳಗೇ ಇದ್ದು ದ್ವೀಪ ಆಗ್ತಾ ಇವೆ. ಸುತ್ತ ಊರು, ನಡುವೆ ಒಂದು ಕಟ್ಟಡ, ದಾಟಿ ಬರೋರಿಲ್ಲ, ದಾಟಿ ಹೋಗೋರಿಲ್ಲ. ಇದು ಬದಲಾಗಬೇಕು. ಬದಲಾಯಿಸೋದು ಬಹಳ ಕಷ್ಟದ ಕೆಲಸವೂ ಅಲ್ಲ.

ದ್ವೀಪ ಅಂದಕೂಡಲೇ ಒಂದು ಹಳೆ ಕಥೆ ಹೇಳಬೇಕು. ಬೀದರ ಜಿಲ್ಲೆಯ ಬಹಳಷ್ಟು ಕ್ರೈಸ್ತರು ಮೆಥಡಿಸ್ಟರು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ ಹುಟ್ಟಿದ್ದೇ ಒಂದು ದ್ವೀಪದ ಪ್ಯಾರಿಶ್‌ನಲ್ಲಿ, 1703ರಲ್ಲಿ. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಆಕ್ಸ್‌ಹೋಮ್ ದ್ವೀಪ, ಅದರೊಳಗೆ ಎಪ್‌ವರ್ತ್ ಅನ್ನೋ ಊರು. ಸಮುದ್ರದ ದ್ವೀಪ ಅಲ್ಲ, ಒಂದು ಕಾಲಕ್ಕೆ ಸುತ್ತಲೂ ಜೌಗು ನೀರು ಇದ್ದ ದಿಬ್ಬ. ಅಪ್ಪ ಸ್ಯಾಮ್ಯುಯೆಲ್ ವೆಸ್ಲಿ ಅಲ್ಲಿಯ ಆಂಗ್ಲಿಕನ್ ಪಾದ್ರಿ, ಅಂದರೆ ಬಿಷಪ್ಪರ ಆಡಳಿತದ ಸಭೆಯ ಪಾದ್ರಿ.

ಪಾದ್ರಿಗೂ ಊರಿಗೂ ಸರಿ ಇರಲಿಲ್ಲ. ಸಾಲ ತೀರಿಸಲಾಗದೆ 1705ರಲ್ಲಿ ಆ ಮನುಷ್ಯ ಜೈಲಿಗೂ ಹೋಗಿ ಬಂದ. 1709ರ ಫೆಬ್ರುವರಿಯಲ್ಲಿ ಪಾದ್ರಿ ಮನೆಗೆ ಬೆಂಕಿ ಬಿತ್ತು. ಯಾರೋ ಹಚ್ಚಿದ್ದು ಅನ್ನೋ ಗುಮಾನಿಯೂ ಇತ್ತು. ಐದು ವರ್ಷದ ಜಾನ್ ಮಹಡಿಯಲ್ಲಿ ಸಿಕ್ಕಿಬಿದ್ದಿದ್ದ. ಏಣಿ ತರೋಷ್ಟು ಹೊತ್ತಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ಕಿಟಕಿಯಿಂದ ಹುಡುಗನನ್ನ ಎಳೆದು ತೆಗೆದರು. ತೆಗೆದೋರು ಯಾರು? ಅದೇ ಊರಿನ ಜನ. ಜಗಳ ಇದ್ದರೂ ಬೆಂಕಿ ಬಿದ್ದಾಗ ಓಡಿ ಬರೋದು ಪಕ್ಕದ ಮನೆಯವರೇ. ನಮ್ಮ ಹಳ್ಳಿಗಳಲ್ಲೂ ಅಷ್ಟೇ ಅಲ್ಲೇನು?

ಮುಂದಿನದು ಇನ್ನೂ ಚಂದ ಅದ. 1712ರ ಸುಮಾರಿಗೆ ಅಪ್ಪ ಸಭೆಯ ಕೆಲಸಕ್ಕೆ ಲಂಡನ್‌ಗೆ ಹೋಗಿದ್ದಾಗ ತಾಯಿ ಸುಸಾನಾ ಭಾನುವಾರ ಸಂಜೆ ಮನೆಯೊಳಗೆ ಮಕ್ಕಳನ್ನ ಕೂರಿಸಿಕೊಂಡು ಓದಿ ಹೇಳೋಕೆ ಶುರು ಮಾಡಿದಳು. ಮನೆ ಆಳುಗಳು ಬಂದರು. ಅವರ ಮನೆಯವರು ಬಂದರು. ಪಕ್ಕದವರು ಬಂದರು. ಕೊನೆಗೆ ಇನ್ನೂರು ಜನ ಸೇರೋಕೆ ಹತ್ತಿದರು. ಗಂಡನ ಜಾಗದಲ್ಲಿ ಚರ್ಚು ನಡೆಸ್ತಿದ್ದ ಕಿರಿಯ ಪಾದ್ರಿಗೆ ಸಿಟ್ಟು ಬಂತು, ದೂರು ಬರೆದ. ನಿಲ್ಲಿಸಬೇಕೇನೋ ಅಂತ ಗಂಡ ಬರೆದಾಗ ಆಕೆಯ ಉತ್ತರದ ಸಾರ ಇಷ್ಟು: ಬರೇ ಆಸೆ ಅಂತ ಹೇಳಬೇಡ, ಖಡಾಖಂಡಿತ ಆಜ್ಞೆ ಮಾಡು. ನಾಳೆ ದೇವರ ಮುಂದೆ ಉತ್ತರ ನೀನೇ ಕೊಡು. ಗಂಡ ಸುಮ್ಮನಾದ.

ಮಗ ದೊಡ್ಡವನಾಗಿ 1742ರಲ್ಲಿ ಅದೇ ಎಪ್‌ವರ್ತ್‌ಗೆ ಬಂದಾಗ ಚರ್ಚಿನೊಳಗೆ ಮಾತಾಡೋಕೆ ಬಿಡಲಿಲ್ಲ. ಹೊರಗೆ ಬಂದು ಅಪ್ಪನ ಗೋರಿಯ ಮೇಲೆ ನಿಂತು ಮಾತಾಡಿದ. ಅದಕ್ಕಿಂತ ಮೊದಲೇ, 1739ರಲ್ಲಿ, ಬ್ರಿಸ್ಟಲ್ ಹತ್ತಿರ ಬಯಲಲ್ಲಿ ನಿಂತು ಮಾತಾಡಿದ್ದ. ಚರ್ಚಿನ ಹೊಸ್ತಿಲು ತುಳಿಯದ ಕಲ್ಲಿದ್ದಲು ಗಣಿಯ ಕೂಲಿಗಳು ಅಲ್ಲಿ ಕೇಳಿದರು. ಅವರ ಮಕ್ಕಳಿಗೆ ಶಾಲೆ ಎದ್ದಿತು. 1746ರಲ್ಲಿ ಲಂಡನ್‌ನಲ್ಲಿ ಬಡವರಿಗೆ ಔಷಧಿ ಕೊಡೋ ಜಾಗ ತೆರೆದ. ಅದೇ ಹೊತ್ತಿಗೆ ಸಣ್ಣ ಸಾಲದ ನಿಧಿಯೊಂದನ್ನೂ ಮಾಡಿದ, ಒಬ್ಬರಿಗೆ ಇಪ್ಪತ್ತು ಶಿಲಿಂಗ್ ತನಕ, ಮೂರು ತಿಂಗಳಲ್ಲಿ ವಾಪಸ್. ನಮ್ಮ ಹಳ್ಳಿಯ ಮಹಿಳಾ ಸಂಘದ ಅಕ್ಕಂದಿರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಈ ಪಂಥ ದ್ವೀಪದಿಂದ ಹೊರಬಿದ್ದೇ ಬೆಳೆದದ್ದು ಅಂತ ತೋರಿಸೋದಕ್ಕ ಇಷ್ಟು ಹೇಳಿದೆ. ಅದರ ಅಮೆರಿಕದ ಶಾಖೆಯ ಹೆಸರೇ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್. ಎಪಿಸ್ಕೋಪಲ್ ಅಂದರೆ ಬಿಷಪ್ಪರಿರೋ ಸಭೆ ಅಂತಷ್ಟೇ. ಅವರು 1856ರಲ್ಲಿ ಉತ್ತರ ಭಾರತಕ್ಕೆ ಬಂದರು. 19ನೇ ಶತಮಾನ ಮುಗಿಯೋ ಹೊತ್ತಿಗೆ ನಿಜಾಮರ ಬೀದರಕ್ಕೂ ಮುಟ್ಟಿದ್ದರು. 1939ರಲ್ಲಿ ಹೆಸರಿನಿಂದ ಎಪಿಸ್ಕೋಪಲ್ ಹೋಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ ಆದಾಗ ಇವರು ಅದರೊಳಗೆ ಸೇರಲಿಲ್ಲ. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಅಂತ ಸ್ವತಂತ್ರ ಆದರು. ಬೀದರದ ಮಂಗಲಪೇಟೆಗೆ ಹೋದರೆ ಈ ಚರಿತ್ರೆಯ ಗುರುತು ಈಗಲೂ ಕಾಣ್ತದ.

ಆ ಕಾಲದಲ್ಲಿ ಮಿಷನ್ ಅಂದರೆ ಜನರ ಬಾಯಲ್ಲಿ ಮೂರು ಮಾತು: ಶಾಲೆ, ದವಾಖಾನೆ, ಬೋರ್ಡಿಂಗ್. ಊರ ಬಾವಿಗೆ ಬಿಡದ ಕೇರಿಯ ಮಕ್ಕಳ ಕೈಗೆ ಸ್ಲೇಟು ಬಂದದ್ದು ಹಂಗ. ಇವತ್ತು ಮನೆಯಲ್ಲಿ ನರ್ಸ್ ಇದ್ದಾರೆ, ಮಾಸ್ತರ್ ಇದ್ದಾರೆ ಅಂದರೆ ಹಿಂದಿನ ಎರಡು ತಲೆಮಾರಿನ ಕಥೆಯಲ್ಲಿ ಎಲ್ಲೋ ಒಂದು ಬೋರ್ಡಿಂಗ್ ಇರ್ತದ.

ಈಗ? ಭಾನುವಾರದ ಆರಾಧನೆ ಅದ. ಸ್ತ್ರೀ ಸಮಾಜ ಅದ, ಭಾನುವಾರ ಶಾಲೆ ಅದ. ಸುಗ್ಗಿ ಹಬ್ಬಕ್ಕೆ ತೊಗರಿ, ಜೋಳ, ಕೋಳಿ ತಂದು ಇಡ್ತೀವಿ. ಡಿಸೆಂಬರಿನಲ್ಲಿ ನಕ್ಷತ್ರ ಕಟ್ಟಿ ಮನೆಮನೆಗೆ ಹಾಡ್ತೀವಿ. ನವೆಂಬರಿನಲ್ಲಿ ಗಡಿ ದಾಟಿ ವಿಕಾರಾಬಾದ್ ಕಡೆಯ ಧಾರೂರ್ ಜಾತ್ರೆಗೆ ಗಾಡಿ ಮಾಡಿಕೊಂಡು ಹೋಗ್ತೀವಿ. ಎಲ್ಲಾ ಚಂದ. ಆದರೆ ಇದೆಲ್ಲಾ ನಮ್ಮೊಳಗೇ ನಡೆಯೋದು. ಪಕ್ಕದ ಓಣಿಯವರಿಗೆ ಚರ್ಚು ಅಂದರೆ ಮೈಕಿನ ಶಬ್ದ ಮತ್ತ ಕ್ರಿಸ್ಮಸ್ ಕೇಕು, ಅಷ್ಟೇ.

ಹಿಂಗ ಆಗೋದಕ್ಕ ಕಾರಣ ಇಲ್ಲ ಅಂತಲ್ಲ. ಅದನ್ನ ಮುಚ್ಚಿಟ್ಟು ಬರೇ ಬೈದರೆ ಅನ್ಯಾಯ ಆಗ್ತದ.

ಒಂದನೇ ಕಾರಣ ಕಾಗದ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನೋದು ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರಿಗೆ ಪ್ರವರ್ಗ 1. ಆದರೆ ಊರಿನ ಕಣ್ಣಲ್ಲಿ ಜಾತಿ ಬದಲಾಗಿಲ್ಲ, ಕೇರಿ ಬದಲಾಗಿಲ್ಲ. ಬದಲಾದದ್ದು ಕಾಗದ ಒಂದೇ. ಹಿಂಗಾಗಿ ಮಗನ ಸೀಟು ಹೋದೀತು ಅನ್ನೋ ಹೆದರಿಕೆ ಎಷ್ಟೋ ಮನೆಯಲ್ಲಿ ಅದ. ಹೆದರಿದ ಮನುಷ್ಯ ಬಾಗಿಲು ಅಗಲ ತೆರೆದು ನಿಲ್ಲೋದಿಲ್ಲ.

ಎರಡನೇದು ಮತಾಂತರದ ಮಾತು. 2022ರ ರಾಜ್ಯ ಕಾನೂನು ಆಮಿಷ ಅನ್ನೋ ಪದದೊಳಗೆ ಉಡುಗೊರೆ, ನೌಕರಿ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣ ಎಲ್ಲಾ ಸೇರಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಂಡಿತು. ಆದರೆ ಹಳ್ಳಿಯಲ್ಲಿ ಬಿತ್ತಿದ ಗುಮಾನಿ ಸಂಪುಟದ ತೀರ್ಮಾನಕ್ಕೆ ಮಾಯ ಆಗೋದಿಲ್ಲ. ಒಂದು ನೋಟ್‌ಬುಕ್ ಕೊಟ್ಟರೂ ಯಾಕ ಕೊಟ್ಟೆ ಅಂತ ಕೇಳ್ತಾರ. ಸುಮ್ಮನೆ ಯಾಕ ಬೇಕು ಅಂತ ಜನ ಒಳಗೆ ಸರಿದರು.

ಮೂರನೇದು ನಮ್ಮದೇ ಪದ್ಧತಿ. ಪಾದ್ರಿಯ ನೇಮಕ ಬಿಷಪ್ಪರ ಕೈಯಲ್ಲಿ. ಕೆಲವು ವರ್ಷ ಇದ್ದು ಊರಿನ ಮುಖ ಪರಿಚಯ ಆಗೋ ಹೊತ್ತಿಗೆ ವರ್ಗ ಆಗ್ತದ. ಅವರ ಜೊತೆ ಅವರು ಶುರು ಮಾಡಿದ ಕೆಲಸವೂ ಲಾರಿ ಹತ್ತಿ ಹೋಗ್ತದ.

ಕಾರಣ ಮೂರೂ ಖರೆ. ಆದರೆ ಒಳಗೆ ಸರಿದದ್ದರಿಂದ ಗುಮಾನಿ ಕಡಿಮೆ ಆಯಿತೇನು? ಇಲ್ಲ. ಬೀಗ ಹಾಕಿದ ಮನೆಯ ಬಗ್ಗೆಯೇ ಜನ ಜಾಸ್ತಿ ಊಹೆ ಮಾಡೋದು. ಬಾಗಿಲು ತೆರೆದಿದ್ದರೆ ಒಳಗೆ ಏನು ನಡೀತದ ಅಂತ ಯಾರೂ ಹೇಳಬೇಕಾಗಿಲ್ಲ, ಕಣ್ಣಿಗೇ ಕಾಣ್ತದ.

ನಮ್ಮ ಸೀಮೆ ನೋಡಿರಿ. ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯ, ಎಲ್ಲ ಮತಕ್ಕೂ ಒಂದೇ ಗೌರವ ಅನ್ನೋದೇ ಅದರ ಬುನಾದಿ. ಬಸವಕಲ್ಯಾಣ ಅಂದರೆ ದಾಸೋಹದ ನೆಲ. ಬೀದರದ ನಾನಕ್ ಝೀರಾದಲ್ಲಿ ಲಂಗರಿಗೆ ಕೂತಾಗ ನಿನ್ನ ಜಾತಿ ಯಾವುದು ಅಂತ ಕೇಳೋರಿಲ್ಲ. ಅಷ್ಟೂರಿನ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ಮಾಡ್ಯಾಳದ ಜಂಗಮರು ಬರ್ತಾರ. ಇಂಥ ನೆಲದಲ್ಲಿ ಚರ್ಚು ಒಂದೇ ಗೋಡೆ ಹಿಂದೆ ಕೂತರೆ ಅದು ಈ ಸೀಮೆಯ ರೀತಿಗೂ ಹೊರತು, ಆ ಸುಸಾನಾ ತಾಯಿಯ ರೀತಿಗೂ ಹೊರತು.

ಹಂಗಾದರೆ ಏನು ಮಾಡೋದು? ನಾನು ಕೇಳೋದು ಎರಡೇ ಕೆಲಸ.

ಮೊದಲನೇದು, ಸಂಜೆ ಓದೋ ಮನೆ. ಸೋಮವಾರದಿಂದ ಶನಿವಾರದ ತನಕ ಸಂಜೆ ಆರರಿಂದ ಒಂಬತ್ತು. ಊರಿನ ಯಾವ ಮಗು ಬಂದರೂ ಸರಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನ ಪಟ್ಟಿಯ ಕೆಳಗಿನಿಂದ ಹುಡುಕೋದು ನಮಗೆಲ್ಲಾ ರೂಢಿ ಆಗ್ಯದ. ಮಕ್ಕಳು ದಡ್ಡರು ಅಂತಲ್ಲ. ಒಂದೇ ಖೋಲಿಯ ಮನೆ, ಅದರೊಳಗೆ ಒಲೆ, ಟಿವಿ, ಸಣ್ಣ ಕೂಸು, ದಣಿದು ಬಂದ ಅಪ್ಪ. ಅಲ್ಲಿ ಗಣಿತ ಹೆಂಗ ಮಾಡ್ತದ ಆ ಹುಡುಗಿ? ಚರ್ಚಿನಲ್ಲಿ ಲೈಟ್ ಅದ, ಫ್ಯಾನ್ ಅದ, ಜಮಖಾನ ಅದ, ಶಾಂತಿ ಅದ. ವಾರಕ್ಕೆ ಆರು ದಿನ ಅದೆಲ್ಲಾ ಕತ್ತಲಲ್ಲಿ ಕೂತದ.

ಎರಡನೇದು, ತಿಂಗಳಿಗೊಂದು ಶನಿವಾರ ಕಾಗದದ ಮೇಜು. 2012ರ ತಿದ್ದುಪಡಿಯಿಂದ ಬಂದ 371ಜೆ ನಮಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲು ಕೊಟ್ಟದ. ಅದು ಸಿಗಬೇಕಾದರೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪತ್ರ ಬೇಕು. ವಿದ್ಯಾರ್ಥಿವೇತನಕ್ಕೆ ಆದಾಯ ಪತ್ರ, ಆಧಾರ್ ಜೋಡಿಸಿದ ಖಾತೆ ಬೇಕು. ಹಕ್ಕು ಅದ, ಆದರೆ ಅರ್ಜಿ ತುಂಬೋಕೆ ಬಾರದೆ ಕೈ ತಪ್ಪಿದ ಮಕ್ಕಳು ನಿಮ್ಮ ಓಣಿಯಲ್ಲೇ ಇದ್ದಾರ. ಡಿಗ್ರಿ ಮುಗಿಸಿ ಕೆಲಸ ಹುಡುಕ್ತಾ ಇರೋ ನಮ್ಮ ಯುವಕರು ಇಬ್ಬರು, ಒಂದು ಫೋನು, ಒಂದು ಪ್ರಿಂಟರ್. ಸಾಕು.

ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಬೇಕು. ಓದೋ ಮನೆಯಲ್ಲಿ ಪ್ರಾರ್ಥನೆ ಇಲ್ಲ, ಕರಪತ್ರ ಇಲ್ಲ, ಭಾನುವಾರ ಬಾ ಅನ್ನೋ ಮಾತಿಲ್ಲ. ನೋಡಿಕೊಳ್ಳೋ ಸಮಿತಿಯಲ್ಲಿ ಅರ್ಧ ಜನ ಚರ್ಚಿನ ಹೊರಗಿನವರು: ಸರ್ಕಾರಿ ಶಾಲೆಯ ಮಾಸ್ತರು, ಅಂಗನವಾಡಿ ಕಾರ್ಯಕರ್ತೆ, ಬೇರೆ ಓಣಿಯ ಒಬ್ಬ ತಾಯಿ. ಬಂದ ಮಕ್ಕಳ ಹೆಸರಿನ ಪುಸ್ತಕ ಯಾರು ಕೇಳಿದರೂ ತೋರಿಸಬೇಕು. ಪಾದ್ರಿ ಬದಲಾದರೂ ಸಮಿತಿ ಇರಬೇಕು, ಕೀಲಿಕೈ ಸಮಿತಿ ಹತ್ತಿರ ಇರಬೇಕು.

ಕೆಲವರು ಅಂತಾರ, ಇಷ್ಟೆಲ್ಲಾ ಮಾಡಿ ಒಂದು ಮಾತೂ ಹೇಳಬಾರದು ಅಂದರೆ ಚರ್ಚು ಯಾಕ ಮಾಡಬೇಕು, ಸರ್ಕಾರ ಮಾಡಲಿ. ನನ್ನ ಉತ್ತರ: ಗಾಳಕ್ಕೆ ಸಿಕ್ಕಿಸಿದ ಎರೆಹುಳ ಮೀನಿಗೆ ಊಟ ಅಲ್ಲ. ವಾಪಸ್ ಏನಾದರೂ ಬರಲಿ ಅಂತ ಕೊಟ್ಟದ್ದು ಸೇವೆ ಆಗೋದಿಲ್ಲ, ವ್ಯಾಪಾರ ಆಗ್ತದ. ಏನೂ ಕೇಳದೆ ಕೊಟ್ಟಾಗ ಮಾತ್ರ ಅದಕ್ಕೆ ದಾಸೋಹ ಅನ್ನಬಹುದು. ಇನ್ನು ಕೆಲವರು, ದೇವರ ಮನೆಯಲ್ಲಿ ಗದ್ದಲ ಆಗ್ತದ ಅಂತಾರ. ಆಗಲಿ ಬಿಡ್ರಿ. ಮಗ್ಗಿ ಓದೋ ಗದ್ದಲಕ್ಕೆ ಮುನಿಸಿಕೊಳ್ಳೋ ದೇವರನ್ನ ನಮ್ಮ ಅಜ್ಜಿಯಂದಿರು ನಂಬಿರಲಿಲ್ಲ.

ಇನ್ನೊಂದು ಕಷ್ಟದ ಪ್ರಶ್ನೆ ಅದ, ಅದನ್ನ ಬಿಡೋದಿಲ್ಲ. ಚರ್ಚು ಇರೋದು ಬಹಳ ಕಡೆ ಕೇರಿಯಲ್ಲಿ. ಮೇಲಿನ ಓಣಿಯ ಮಕ್ಕಳು ಬರ್ತಾರೇನು? ಮೊದಲ ವರ್ಷ ಬರಲಿಕ್ಕಿಲ್ಲ. ಕೇರಿಯ ಮಕ್ಕಳಾದರೂ ಓದ್ತಾರ, ಅದೇ ಸಣ್ಣ ಲಾಭ ಅಲ್ಲ. ಆಮೇಲೆ ಪರೀಕ್ಷೆ ಹತ್ತಿರ ಬಂದಾಗ, ಮನೆಯಲ್ಲಿ ಕರೆಂಟ್ ಹೋದಾಗ, ಇಂಗ್ಲಿಷ್ ಹೇಳಿಕೊಡೋ ಅಕ್ಕ ಅಲ್ಲಿ ಬರ್ತಾಳ ಅಂತ ಗೊತ್ತಾದಾಗ, ಒಂದು ಮಗು ದಾಟಿ ಬರ್ತದ. ಒಂದು ಬಂದರೆ ಇನ್ನೊಂದು ಬರ್ತದ. ಜಾತಿಯ ಜೌಗನ್ನ ಭಾಷಣದಿಂದ ಯಾರೂ ಬತ್ತಿಸಿಲ್ಲ. ಒಂದೇ ಜಮಖಾನದ ಮೇಲೆ ಕೂತು ಓದಿದ ಮಕ್ಕಳು ದೊಡ್ಡವರಾದ ಮೇಲೆ ಸ್ವಲ್ಪ ಬತ್ತಿಸಿಯಾರು.

ನಿಮ್ಮ ಹಳ್ಳಿಯಲ್ಲಿ ಚರ್ಚು ಇರಬಹುದು, ಗುಡಿ ಇರಬಹುದು, ಮಸೀದಿ ಇರಬಹುದು, ಮಠ ಇರಬಹುದು. ಬೀಗದ ಮಾತು ಎಲ್ಲರಿಗೂ ಅನ್ವಯ ಆಗ್ತದ. ನಾನು ನಮ್ಮ ಮನೆಯ ಮಾತು ಮೊದಲು ಆಡಿದೆ, ಅಷ್ಟೇ. ಸಂಜೆ ತೆರೆದಿರೋ ಜಾಗ ನಿಮ್ಮೂರಲ್ಲಿ ಅದ ಅಂದರೆ ಹೆಂಗ ನಡೆಸ್ತೀರಿ, ಕರೆಂಟ್ ಬಿಲ್ ಯಾರು ಕಟ್ತಾರ, ಕೆಳಗೆ ಬರೀರಿ. ಇಲ್ಲ ಅಂದರೆ ಈ ಭಾನುವಾರ ಆರಾಧನೆ ಮುಗಿದ ಮೇಲೆ ಎದ್ದು ಹೋಗೋಕಿಂತ ಮೊದಲು ಒಂದೇ ಪ್ರಶ್ನೆ ಕೇಳಿರಿ: ಕೀಲಿಕೈ ಯಾರ ಹತ್ತಿರ ಅದ?

#ಹುಡಗಿ #ಹುಮನಾಬಾದ್ #ಬಸವಕಲ್ಯಾಣ #ಬೀದರ #ನಮ್ಮಸೀಮೆಮಾತು